ಓಣಿಯ ಮೂಗು

ದೊಡ್ಡವ್ವ ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಎರಡು ತಿಂಗಳು ತಡವಾಗಿ. ಬಬಲೇಶ್ವರದಿಂದ ನಮ್ಮ ದವಾಖಾನೆಗೆ ಬಂದಿದ್ದ ರೈತನೊಬ್ಬ ಔಷಧದ ಶೀಷೆ ಕೈಗೆ ತಗೊಳ್ಳುತ್ತ, "ನಿಮ್ಮ ಖಾನಾವಳಿ ಮುದುಕಿ ಹೋತ್ರಿ, ಕಂಪೌಂಡರ್ ಸಾಹೇಬ್ರ" ಅಂದ. ತಾನೇ ಮುಂದುವರಿಸಿದ: "ಹೋಗೂ ದಿನಾನೂ ಗುಳಿಗಿ ಕೈಯಾಗ ಹಿಡಕೊಂಡು, ಇದು ಏನು, ಯಾರು ಕೊಟ್ಟಾರ, ಯಾಕ ಕೊಟ್ಟಾರ ಅಂತ ಮೂರು ಸಲ ಕೇಳಿದ್ಲಂತ್ರಿ."

ನನಗೆ ನಗು ಬಂತು. ಆಮೇಲೆ ಒಳಗೆ ಹೋಗಿ ಔಷಧದ ಕಪಾಟಿನ ಮುಂದೆ ಸ್ವಲ್ಪ ಹೊತ್ತು ನಿಂತುಬಂದೆ.

ಓಣಿಗೆಲ್ಲ ಅವರು ದೊಡ್ಡವ್ವ; ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಕಾಗದದ ಮೇಲೆ ಹೆಸರು ಬಿತ್ತೆಂದರೆ ಯಾರೋ ಏನನ್ನೋ ಕಸಿದುಕೊಳ್ಳುತ್ತಾರೆ ಎಂಬುದು ಅವರ ನಂಬಿಕೆಯಾಗಿತ್ತು. ಸುಮ್ಮನೆ ಬಂದ ನಂಬಿಕೆಯಲ್ಲ ಅದು. ಹುಟ್ಟಿದ್ದು ನಿಡೋಣಿಯಲ್ಲಿ, ಕೊಟ್ಟಿದ್ದು ಕಾಖಂಡಕಿಗೆ. ಇಪ್ಪತ್ತೆರಡರ ವಯಸ್ಸಿಗೆ ಗಂಡ ಹೋದ. ಅವನಿಗೆ ಮಣ್ಣು ಕೊಟ್ಟು ವಾರವಾಗುವುದರೊಳಗೆ ಮೈದುನರು 'ಸರಕಾರಿ ಕಾಗದ' ಎಂದು ಹೇಳಿ ಹೆಬ್ಬೆಟ್ಟು ಒತ್ತಿಸಿಕೊಂಡರು. ಹೊಲದಲ್ಲಿ ತಮಗೆ ಪಾಲಿಲ್ಲವೆಂದು ಅವರಿಗೆ ಗೊತ್ತಾದದ್ದು ಸುಗ್ಗಿಯ ಹೊತ್ತಿಗೆ, ಕಣಕ್ಕೆ ಹೋಗಿ ನಿಂತಾಗ. ಅಲ್ಲಿಂದ ಹಾಗೇ ವಿಜಾಪುರಕ್ಕೆ ನಡೆದುಬಂದರಂತೆ. ಕೋರ್ಟಿಗೆ ಬಂದವರಿಗೆ, ಸಾಲಿ ಕಲಿಯುವ ಹುಡುಗರಿಗೆ ರೊಟ್ಟಿ ಬಡಿದು ಕೊಡುತ್ತ ಶುರುಮಾಡಿ, ಗೋಳಗುಮ್ಮಟದ ಕಡೆಯ ಒಂದು ಓಣಿಯಲ್ಲಿ ಸ್ವಂತ ಖಾನಾವಳಿ ಇಟ್ಟರು. "ನಂಬೂದು ನಾಳಿಗೆ ಇರಲಿ, ಇವತ್ತ ನೋಡೂದು ನೋಡು" ಎನ್ನುವುದು ಅವರ ಮಾತು. ಉಣ್ಣಲು ಕೂತ ಎಲ್ಲರಿಗೂ ಅದನ್ನು ಒಂದಲ್ಲ ಒಂದು ದಿನ ಬಡಿಸುತ್ತಿದ್ದರು.

ಎರಡನೆಯ ಮಹಾಯುದ್ಧ ಶುರುವಾದ ಮರುವರ್ಷ ನಾನು ಡಾಕ್ಟರರೊಬ್ಬರ ಖಾಸಗಿ ದವಾಖಾನೆಯಲ್ಲಿ ಕಂಪೌಂಡರ್ ಆಗಿ ಸೇರಿದೆ. ಮದುವೆಯಾಗಿರಲಿಲ್ಲ. ಮೊದಲ ದಿನ ಊಟಕ್ಕೆಂದು ಖಾನಾವಳಿಯ ಹೊಸ್ತಿಲು ದಾಟುತ್ತಿದ್ದಂತೆ ಒಲೆಯ ಮುಂದಿನಿಂದ ತಲೆ ಎತ್ತದೆಯೇ ಕೇಳಿದರು:

"ದವಾಖಾನ್ಯಾಂವ ಏನೋ ತಮ್ಮಾ?"

"ಹೌದ್ರಿ. ನಿಮಗ ಯಾರು ಹೇಳಿದ್ರು?"

"ಯಾರ ಹೇಳಬೇಕು? ನೆಲಾ ಒರಸೂ ಔಷಧದ ವಾಸನಿ ಬಾಗಿಲದಾಗಿಂದನ ಬಂತು. ಅಂಗಿ ತೋಳು ತೊಳಕೊಂಡು ಬಂದು ಕೂಡು. ಕಾಲಿಗೂ ನೀರು ಹಾಕ್ಕೋ. ಬರೂವಾಗ ಯಾವನೋ ಬೀಡಿ ಸೇದಾಂವನ ಬಾಜೂ ನಿಂತಿದ್ದಿ."

ನಿಂತಿದ್ದೆ, ನಿಜ.

ಆ ಮೂಗು ಓಣಿಗೆಲ್ಲ ಆಸ್ತಿಯಾಗಿತ್ತು. ಯುದ್ಧದ ಕಾಲ, ಜೋಳ, ಸಕ್ಕರೆ, ಚಿಮಣಿ ಎಣ್ಣೆ ಎಲ್ಲಕ್ಕೂ ಸಾಲು. ಸಿಕ್ಕಿದ್ದರಲ್ಲೂ ಬೆರಕೆ. ಹೆಂಗಸರು ಬಟ್ಟಲಲ್ಲಿ ತುಪ್ಪ, ಸೆರಗಿನಲ್ಲಿ ಕಾರಪುಡಿ ಹಿಡಿದು ಅವರ ಹತ್ತಿರ ಬರುತ್ತಿದ್ದರು. ದೊಡ್ಡವ್ವ ಕಣ್ಣು ಮುಚ್ಚಿ, ಬಟ್ಟಲನ್ನು ಮೂಗಿನ ಕೆಳಗೆ ಒಮ್ಮೆ ಸುಳಿಸಿ ತೀರ್ಪು ಕೊಡುತ್ತಿದ್ದರು: "ಇದು ಎಮ್ಮಿದಲ್ಲ, ಡಬ್ಬಿ ವನಸ್ಪತಿ. ಕೊಟ್ಟಾಂವನ ಮಾರಿ ಮ್ಯಾಲ ಒಗದ್ ಬಾ." ಅವರ ತೀರ್ಪಿನ ಮೇಲೆ ಅಪೀಲು ಇರಲಿಲ್ಲ.

ಅವರು ಪರೀಕ್ಷೆ ಮಾಡಿಯೂ ಜಗಳವಾಡದೆ ಕೊಳ್ಳುತ್ತಿದ್ದ ಒಂದೇ ವಸ್ತುವೆಂದರೆ ಗಾಣದ ಮಲ್ಲಪ್ಪನ ಕುಸುಬಿ ಎಣ್ಣೆ. ಮಲ್ಲಪ್ಪನದು ಅದೇ ಓಣಿಯ ತುದಿಯಲ್ಲಿ ಎತ್ತಿನ ಗಾಣ. ಇಪ್ಪತ್ತು ವರ್ಷದಿಂದ ಖಾನಾವಳಿಗೆ ಅವನೇ ಎಣ್ಣೆ ತರುತ್ತಿದ್ದ. ಆಳಿನ ಕೈಯಲ್ಲಿ ಕಳಿಸುತ್ತಿರಲಿಲ್ಲ. ಕೊಡ ಇಳಿಸಿ, ಹೆಗಲ ಮೇಲಿನ ವಸ್ತ್ರದಿಂದ ಬೆವರು ಒರೆಸಿಕೊಂಡು, ದೊಡ್ಡವ್ವ ಮೂಸಿ "ಹೂಂ" ಅನ್ನುವವರೆಗೆ ಹೊಸ್ತಿಲಲ್ಲೇ ನಿಂತಿರುತ್ತಿದ್ದ. ಆ "ಹೂಂ" ಕೇಳಿದ ಮೇಲೆ ಒಳಗೆ ಬಂದು ಒಂದು ರೊಟ್ಟಿ, ಗುರೆಳ್ಳು ಚಟ್ನಿ ತಿಂದು ಹೋಗುತ್ತಿದ್ದ. ಇಬ್ಬರೂ ಹೆಚ್ಚು ಮಾತಾಡಿದ್ದನ್ನು ನಾನು ಕಂಡಿಲ್ಲ. ಆದರೆ ಅವನು ಬರುವ ದಿನ ಗುರೆಳ್ಳನ್ನು ಹೊಸದಾಗಿ ಹುರಿಯುತ್ತಿದ್ದುದನ್ನು ಕಂಡಿದ್ದೇನೆ.

ಒಂದು ಮುಂಜಾನೆ ಆ "ಹೂಂ" ಬರಲಿಲ್ಲ.

ನಾನು ಕೈ ತೊಳೆಯುತ್ತಿದ್ದೆ. ದೊಡ್ಡವ್ವ ಕೊಡಕ್ಕೆ ಮೂಗು ಹಚ್ಚಿದರು, ತೆಗೆದರು, ಮತ್ತೆ ಹಚ್ಚಿದರು. "ಇದರಾಗ ಏನ್ ಬೆರಸೀಯೋ ಮಲ್ಲಪ್ಪ?"

ಅವನು ನಕ್ಕ, ತಮಾಷೆ ಎಂದುಕೊಂಡು. "ಎತ್ತಿನ ಬೆವರು ಬಿಟ್ರ ಏನೂ ಇಲ್ಲ ಬೇ."

"ಕುಸುಬಿ ವಾಸನಿನ ಇಲ್ಲ. ಹತ್ತಿಕಾಳಿನ ಎಣ್ಣಿ ಸುರದಿ. ಇಪ್ಪತ್ತು ವರ್ಸ ನಂಬಿಸಿ ಈಗ ಕೈ ತೋರಿಸಿದಿ ಹೌದಲ್ಲ?"

"ಇನ್ನೊಮ್ಮಿ ನೋಡ ಬೇ. ನಿನ್ನೀ ಹಿಂಡಿದ್ದು."

"ಎತ್ತಕೊಂಡು ನಡಿ."

ಮಲ್ಲಪ್ಪ ಕೂತಿದ್ದವರ ಮುಖ ನೋಡಿದ. ನಾವು ಏಳೆಂಟು ಜನ ಇದ್ದೆವು. ಒಬ್ಬರೂ ಎದ್ದು ಆ ಕೊಡವನ್ನು ಮೂಸಿ ನೋಡಲಿಲ್ಲ. ದೊಡ್ಡವ್ವ ಹೇಳಿದ ಮೇಲೆ ಮೂಸುವುದೇನು? ನಾನಂತೂ ಆ ಸುದ್ದಿಯನ್ನು ನೇರವಾಗಿ ದವಾಖಾನೆಗೆ ಒಯ್ದೆ. ಹೊಟ್ಟೆನೋವೆಂದು ಬಂದವರಿಗೆಲ್ಲ, "ಎಣ್ಣಿ ಎಲ್ಲಿದು? ಮಲ್ಲಪ್ಪಂದಾ? ಹಂಗಾರ ನೋವು ಬರೂದ" ಅಂದೆ. ಗೊತ್ತಿದ್ದವನಂತೆ ಮಾತಾಡುವುದರಲ್ಲಿ ಒಂದು ಸುಖವಿತ್ತು. ತಿಂಗಳೊಳಗೆ ಅವನ ಗಾಣಕ್ಕೆ ಹೋಗುವವರು ಕಡಿಮೆಯಾದರು. ಯಾರೋ ಅರ್ಜಿ ಹಾಕಿದರು. ತಪಾಸಣೆಯವರು ಬಂದು ಕೊಡಗಳನ್ನೆಲ್ಲ ಬಗ್ಗಿಸಿ ನೋಡಿ, ಏನೂ ಸಿಗಲಿಲ್ಲವೆಂದು ಹೋದರು. "ಸಿಗಲಿಲ್ಲ ಅಂದ್ರ ಅವರ ಕೈ ಬೆಚ್ಚಗ ಮಾಡ್ಯಾನ" ಎಂದಿತು ಓಣಿ. ಬೇಸಿಗೆಯ ಹೊತ್ತಿಗೆ ಮಲ್ಲಪ್ಪ ಗಾಣ ಬಿಚ್ಚಿ, ಎತ್ತು ಹೊಡೆದುಕೊಂಡು, ಟಿಕೋಟಾದಲ್ಲಿದ್ದ ತಮ್ಮನ ಮನೆಗೆ ಹೊರಟುಹೋದ.

ದೊಡ್ಡವ್ವ ಬೇರೆ ಗಾಣದಿಂದ ಎಣ್ಣೆ ತರಿಸಿದರು. ಅದೂ ಸುಳ್ಳು. ಇನ್ನೊಂದು ಕಡೆಯದು ತರಿಸಿದರು. ಅದೂ ಸುಳ್ಳು. ಆಮೇಲೆ ಬಳ್ಳೊಳ್ಳಿ ಸುಳ್ಳಾಯಿತು, ಕೊತ್ತಂಬರಿ ಸುಳ್ಳಾಯಿತು, ಲವಂಗ ಸುಳ್ಳಾಯಿತು. "ಈ ಯುದ್ಧ ಎಲ್ಲಾರನೂ ಕೆಡಿಸೇತಿ" ಎನ್ನುತ್ತಿದ್ದರು. ಯಾರೂ ಅಲ್ಲಗಳೆಯಲಿಲ್ಲ. ಕಾಲವೇ ಅಂಥದು, ಅನುಮಾನಪಟ್ಟವನೇ ಜಾಣ.

ಆದರೆ ಪಲ್ಲೆಗೆ ಮಸಾಲೆ ಬೀಳುವುದು ಹೆಚ್ಚುತ್ತ ಹೋಯಿತು. ಝುಣಕ ಬಾಯಿಗಿಟ್ಟರೆ ಕಣ್ಣಲ್ಲಿ ನೀರು. ರೊಟ್ಟಿಯೂ ಬದಲಾಯಿತು. ಮೊದಲು ತಾಟಿನ ಅಂಚು ಮುಚ್ಚುವಂತಿದ್ದ ರೊಟ್ಟಿ ದಿನದಿಂದ ದಿನಕ್ಕೆ ಸಣ್ಣದಾಯಿತು. ಬಡಿಯುವ ಸದ್ದು ನಿಧಾನವಾಯಿತು. ಕೂತವರು "ಮುದುಕಿ ಕೈ ಬಿಗಿ ಹಿಡದಾಳ, ಹಿಟ್ಟು ಉಳಸಾಕತ್ತಾಳ" ಎಂದು ಪಿಸುಗುಟ್ಟಿದರು. ಅವರ ಮೇಲೆ ಅನುಮಾನಪಡುವ ಸರದಿ ಈಗ ಅವರನ್ನು ನಂಬಿದವರದಾಗಿತ್ತು. ಒಬ್ಬೊಬ್ಬರೇ ಬೇರೆ ಖಾನಾವಳಿ ಹುಡುಕಿಕೊಂಡರು.

ಅಡುಗೆಮನೆಯಲ್ಲಿ ದೊಡ್ಡವ್ವನ ಜೊತೆ ಇದ್ದವಳು ಗಂಗವ್ವ, ಅವರ ಸತ್ತ ಅಕ್ಕನ ಮಗಳು. ಮೂವತ್ತು ದಾಟಿತ್ತು. ಗಂಡ ಬಿಟ್ಟ ಮೇಲೆ ಹನ್ನೆರಡು ವರ್ಷದಿಂದ ಅಲ್ಲೇ ಇದ್ದಳು. ಒಂದು ದಿನ ನಾನು ಒಬ್ಬನೇ ಉಣ್ಣುತ್ತಿದ್ದಾಗ ಬಾಗಿಲ ಹಿಂದೆ ನಿಂತು ಕೇಳಿದಳು:

"ಅಣ್ಣಾ, ಮಂದಿ ತಲಿ ಕೆಟ್ರ ಅದಕ್ಕ ಔಷಧಿ ಇರತೈತೇನು?"

"ಯಾಕ?"

"ಮಸಾಲಿ ಡಬ್ಬಿಗೆ ಕೀಲಿ ಹಾಕಿ ಸೊಂಟಕ್ಕ ಕಟಗೊಂಡಾಳ. ನಾ ಒಗ್ಗರಣಿಗೆ ಏನೋ ಹಾಕಾಕತ್ತೀನಂತ. ನಿನ್ನೀ, ಮಲ್ಲಪ್ಪ ನಿಂಗೇನು ಕಲಿಸಿ ಹೋಗ್ಯಾನ ಅಂತ ಕೇಳಿದ್ಲು. ನನ್ನ ತುತ್ತು ಮೊದಲ ನೀ ತಿಂದು ತೋರಿಸು ಅಂತಾಳ." ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಹೋಗೂಣಂದ್ರ ಎಲ್ಲಿಗಿ ಹೋಗಲಿ?"

ನಾನು ಏನೋ ಸಮಾಧಾನ ಹೇಳಿದೆ. ನಿಜ ಹೇಳಬೇಕೆಂದರೆ, ಗಂಗವ್ವ ಏನಾದರೂ ಹಾಕುತ್ತಿದ್ದರೂ ಇರಬಹುದೆಂದು ನನಗೂ ಒಂದು ಕ್ಷಣ ಅನ್ನಿಸಿತ್ತು. ದೊಡ್ಡವ್ವನ ಮೂಗಿಗಿಂತ ಗಂಗವ್ವನ ಕಣ್ಣೀರು ಹೆಚ್ಚು ಎನ್ನಲು ನನಗೆ ಧೈರ್ಯವಿರಲಿಲ್ಲ.

ಅದಾದ ಎಂಟು ದಿನಕ್ಕೆ, ಮಧ್ಯಾಹ್ನದ ಊಟಕ್ಕೆ ಹೋದರೆ ಓಣಿಯ ಅರ್ಧದಲ್ಲೇ ನಾತ ಬಡಿಯಿತು. ಖಾನಾವಳಿಯ ಹೊರಗೆ ನಾಲ್ಕು ಜನ ಮೂಗಿಗೆ ವಸ್ತ್ರ ಹಿಡಿದು ನಿಂತಿದ್ದರು. ಗಂಗವ್ವ ನೀರಿಗೆ ಹೋಗಿದ್ದಳು; ಮುಂಜಾನೆಯೇ ಅವಳು ನಾತದ ಮಾತೆತ್ತಿದರೆ ದೊಡ್ಡವ್ವ ಉಗ್ರಾಣದೊಳಗೆ ಬಿಟ್ಟಿರಲಿಲ್ಲವಂತೆ. ಒಳಗೆ ಹೋದೆ. ನಾತ ಬರುತ್ತಿದ್ದುದು ಉಗ್ರಾಣದ ಕೋಣೆಯಿಂದ. ಬಾಗಿಲು ತಳ್ಳಿದರೆ ಜೋಳದ ಚೀಲಗಳ ಸಂದಿಯಲ್ಲಿ ಊದಿಕೊಂಡು ಬಿದ್ದ ಸತ್ತ ಹೆಗ್ಗಣ. ಅದರಿಂದ ಒಂದು ಮೊಳ ಆಚೆ ದೊಡ್ಡವ್ವ ಕಾಲು ಚಾಚಿ ಕೂತು ನೆಮ್ಮದಿಯಿಂದ ಬೇಳೆ ಹಸನು ಮಾಡುತ್ತಿದ್ದರು.

"ಬಾರೋ ತಮ್ಮಾ. ಇವತ್ತ್ಯಾಕ ಒಬ್ಬರೂ ಬಂದಿಲ್ಲ?"

ಹೆಗ್ಗಣವನ್ನು ತೋರಿಸಿದೆ. ಅವರು ನೋಡಿದರು. ನೊಣಗಳನ್ನೂ ನೋಡಿದರು.

"ಯಾವಾಗ ಸತ್ತೈತಿ ಇದು?"

"ಎರಡು ಮೂರು ದಿನ ಆಗಿರಬೇಕ್ರಿ. ದೊಡ್ಡವ್ವ, ನಿಮಗ ವಾಸನಿ ಬರಲಿಲ್ಲೇನ್ರಿ?"

ಅವರ ಕೈಯಲ್ಲಿದ್ದ ಮೊರ ನಿಂತಿತು. "ಯಾರೋ ಈಗ ತಂದು ಒಗದಾರ" ಎಂದರು.

ಹೆಗ್ಗಣವನ್ನು ಎತ್ತಿಸಿ, ನೆಲ ತೊಳೆಸಿ, ಸಂಜೆ ದವಾಖಾನೆ ಮುಗಿಸಿ ಮತ್ತೆ ಹೋದೆ. ಮೂಗು ಹೋಗಿದೆ ಎಂದು ನೇರವಾಗಿ ಹೇಳಿದೆ. ಅವರು ಸಿಟ್ಟಿನಿಂದ ಎದ್ದರು. "ನೀನೂ ಅವರ ಕೂಡ ಸೇರಿದಿ? ಮಲ್ಲಪ್ಪ ನಿನಗೂ ಗಂಟು ಬಿದ್ದಾನೇನು?" ಎಂದರು. ನಾನು ಹೊರಡಲು ತಿರುಗಿದೆ. ಆಗ ಅವರೇ ತಡೆದರು.

"ನಿಂದ್ರು. ನಾಳಿ ನಿನ್ನ ಶೀಷೇ ತಗೊಂಡು ಬಾ. ಮೂರು ತಾ. ನಾ ಕಣ್ಣು ಮುಚ್ಚತೀನಿ."

ಮರುದಿನ ಮುಂಜಾನೆ ಲವಂಗದ ಎಣ್ಣೆ, ಗುಲಾಬಿ ನೀರು, ನೀಲಗಿರಿ ಎಣ್ಣೆ ಒಯ್ದೆ. ದೊಡ್ಡವ್ವ ಒಲೆಯ ಪಕ್ಕ ಕೂತು ಸೆರಗಿನಿಂದ ಕಣ್ಣು ಬಿಗಿದುಕೊಂಡರು. ಮೊದಲನೆಯದಕ್ಕೆ ತಲೆಯಾಡಿಸಿದರು, ಇಲ್ಲ. ಎರಡನೆಯದಕ್ಕೂ ಇಲ್ಲ. ಮೂರನೆಯದಕ್ಕೆ, "ಏನೋ ತಣ್ಣಗ ಆತು ಮೂಗಿನ್ಯಾಗ. ಏನಂತ ತಿಳಿವಲ್ದು" ಎಂದರು. ಸೆರಗು ಬಿಚ್ಚಿ ಶೀಷೆಗಳನ್ನು ನೋಡಿದರು.

"ಮೂರರಾಗೂ ನೀರು ತುಂಬಿ ತಂದೀದಿ."

ಗಂಗವ್ವನ ಕೈಗೆ ಕೊಟ್ಟೆ. ಅವಳು ಒಂದೊಂದನ್ನೇ ಮೂಸಿ ಸರಿಯಾಗಿ ಹೆಸರಿಸಿದಳು. ನೀಲಗಿರಿಗೆ ಮಾತ್ರ "ನೆಗಡೀ ಎಣ್ಣಿ" ಎಂದಳು.

"ಇಬ್ಬರೂ ಮಾತಾಡಿಕೊಂಡು ಬಂದೀರಿ."

ಅಷ್ಟು ಹೇಳಿ ದೊಡ್ಡವ್ವ ಎದ್ದರು. ಎದ್ದು ನಿಲ್ಲಲು ಎರಡು ಸಲ ಪ್ರಯತ್ನಿಸಬೇಕಾಯಿತು. ಶೀಷೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು, ಸಣ್ಣ ಸಣ್ಣ ಹೆಜ್ಜೆಯಿಡುತ್ತ ಓಣಿಗೆ ಇಳಿದರು. ನಾವು ಹಿಂದೆಯೇ ಹೋದೆವು. ಅತ್ತಲಿಂದ ಹೂವಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ಬರುತ್ತಿದ್ದಳು; ಓಣಿಗೆ ಹೊಸಬಳು, ನಮಗ್ಯಾರಿಗೂ ಪರಿಚಯವಿಲ್ಲ. ದೊಡ್ಡವ್ವ ನಮ್ಮಿಬ್ಬರನ್ನೂ ದೂರ ನಿಲ್ಲಿಸಿ ಅವಳ ಹತ್ತಿರ ಹೋದರು.

"ಯವ್ವಾ, ಇದನ್ನೀಟು ಮೂಸಿ ಹೇಳ. ಏನಿದು?"

"ಲವಂಗ ಅಲ್ಲೇನ ಬೇ?"

"ಇದು?"

"ಗುಲಾಬಿ. ಇದೇನು ಕೇಳ್ತಿ, ನನ್ನ ಬುಟ್ಟ್ಯಾಗಿಂದಕ್ಕಿಂತ ಘಾಟ ಐತಿ."

ಮೂರನೆಯದನ್ನು ಕೇಳಲಿಲ್ಲ. ಹೂವಿನವಳು ಹೊರಟುಹೋದಳು. ದೊಡ್ಡವ್ವ ಅಲ್ಲೇ ಯಾರದೋ ಮನೆಯ ಕಟ್ಟೆಯ ಮೇಲೆ ಕೂತರು. ಮಡಿಲಲ್ಲಿದ್ದ ಬಲಗೈಯ ಹೆಬ್ಬೆರಳು, ತೋರುಬೆರಳು ಕಾಳು ಎಣಿಸುವವರಂತೆ ತಾವಾಗಿಯೇ ಆಡುತ್ತಿದ್ದವು. ಅದನ್ನು ನಾನು ಗಮನಿಸಿದ್ದು ಅದೇ ಮೊದಲು. ರೊಟ್ಟಿ ಸಣ್ಣದಾದದ್ದು ಜಿಪುಣತನಕ್ಕಲ್ಲ ಎಂದು ಹೊಳೆದದ್ದೂ ಆಗಲೇ.

ಡಾಕ್ಟರರು ನೋಡಿದರು. ಕೈ ಮಡಿಸಿ ಬಿಡಿಸಿದರು, ನಡೆಸಿ ನೋಡಿದರು. ಕಂಪವಾತ ಎಂದರು, ನಿಧಾನದ ರೋಗ, ಗುಣವಾಗುವುದಲ್ಲ. ಮೂಗಿಗೂ ಅದಕ್ಕೂ ಸಂಬಂಧವುಂಟೋ ಎಂದು ಕೇಳಿದೆ. ಗೊತ್ತಿಲ್ಲ ಎಂದರು. ಕೈ ನಡುಗುವುದಕ್ಕೆ ಎಷ್ಟೋ ಮೊದಲೇ ಮೂಗು ಸೋಲುವುದುಂಟು ಎಂದು ಬಹಳ ವರ್ಷಗಳ ಮೇಲೆ ಬೇರೊಬ್ಬ ವೈದ್ಯರು ನನಗೆ ಹೇಳಿದರು. ಆ ಹೊತ್ತಿಗೆ ಅದು ತಿಳಿದು ಯಾರಿಗೂ ಉಪಯೋಗವಿರಲಿಲ್ಲ.

ದೊಡ್ಡವ್ವ ಮಸಾಲೆ ಡಬ್ಬಿಯ ಕೀಲಿಯನ್ನು ಗಂಗವ್ವನ ಮುಂದೆ ಇಟ್ಟು ನಾಲ್ಕು ದಿನ ಗೋಡೆ ಕಡೆ ತಿರುಗಿ ಮಲಗಿಬಿಟ್ಟರಂತೆ. ಐದನೆಯ ದಿನ ನನ್ನನ್ನು ಕರೆಸಿದರು.

"ಮೂಗು ಯಾವಾಗ ಹೋಗಿರಬೇಕೋ?"

"ಹೆಂಗ ಹೇಳೂದ್ರಿ?"

"ಮಲ್ಲಪ್ಪ ಕೊಡಾ ತಂದ ದಿನ ನಾ ಬೆಳಿಗ್ಗಿ ಹಾಲು ಹೊತ್ತಿಸಿದ್ದೆ. ಗಂಗಿ ಓಡಿ ಬಂದು ಇಳಿಸಿದ್ಲು. ನಾ ಬಾಜೂಕನ ಕುಂತಿದ್ದೆ. ಅವಂದು ಖರೇ ಎಣ್ಣಿ ಇತ್ತೋ ತಮ್ಮಾ."

ಮರುದಿನವೇ ಟಿಕೋಟಾಕ್ಕೆ ಹೊರಟರು. ನಾನು ಡಾಕ್ಟರರಿಂದ ರಜೆ ಕೇಳಿ ಜೊತೆಗೆ ಹೋದೆ. ಪೆಟ್ರೋಲ್ ಸಿಗದ ಆ ಕಾಲದ ಇದ್ದಲಿ ಗ್ಯಾಸಿನ ಬಸ್ಸು. ದಾರಿಯಲ್ಲಿ ಎರಡು ಸಲ ನಿಂತಿತು, ಇಳಿದು ನೂಕಿದೆವು. ದೊಡ್ಡವ್ವ ಕಿಟಕಿಯ ಕಂಬಿಯನ್ನು ಎರಡೂ ಕೈಯಿಂದ ಹಿಡಿದು ಕೂತಿದ್ದರು. ಮಲ್ಲಪ್ಪ ತಮ್ಮನ ಅಂಗಡಿಯ ಮುಂದೆ ಬೆಲ್ಲ ಒಡೆಯುತ್ತಿದ್ದ. ಇಬ್ಬರು ಮೂವರು ಗಿರಾಕಿಗಳಿದ್ದರು. ನಮ್ಮನ್ನು ಕಂಡು ಎದ್ದು ನಿಂತ, ಬಾ ಎನ್ನಲಿಲ್ಲ.

"ಮಲ್ಲಪ್ಪ, ನಿನ್ನ ಎಣ್ಣಿ ಖರೇ ಇತ್ತು. ನನ್ನ ಮೂಗು ಸತ್ತಿತ್ತು" ಎಂದರು ದೊಡ್ಡವ್ವ, ಎಲ್ಲರಿಗೂ ಕೇಳುವಂತೆ.

ಮಲ್ಲಪ್ಪ ನನ್ನನ್ನು ನೋಡಿದ, ಅವರನ್ನು ನೋಡಿದ. "ಯಾರು ಕಳಿಸ್ಯಾರ ನಿನ್ನ?"

"ಯಾರೂ ಇಲ್ಲ."

"ಮತ್ತ ಈಗ ಯಾಕ ಬಂದಿ? ಏನ್ ಬೇಕಾಗೇತಿ?"

ಅನುಮಾನ ಅವನಿಗೂ ಹತ್ತಿತ್ತು. ಹತ್ತಿಸಿದವರು ನಾವೇ. ದೊಡ್ಡವ್ವ ತಮ್ಮ ಬಲಗೈಯನ್ನು ಮುಂದೆ ಹಿಡಿದು ತೋರಿಸಿದರು. ಬೆರಳು ಆಡುತ್ತಿದ್ದವು. ಮಲ್ಲಪ್ಪ ಬಹಳ ಹೊತ್ತು ಅದನ್ನೇ ನೋಡಿದ. ಅವನ ದನಿ ಇಳಿಯಿತು, ಆದರೆ ಮಾತು ಇಳಿಯಲಿಲ್ಲ.

"ಇಲ್ಲಿ ಹೇಳಿದ್ರ ಏನು ಬಂತು ಬೇ? ಟಿಕೋಟಾದಾಗ ನನ್ನ ಯಾರೂ ಕಳ್ಳ ಅಂದಿಲ್ಲ. ಎಲ್ಲಿ ಅಂದಿ, ಅಲ್ಲಿ ಹೇಳು."

ಅವನ ತಮ್ಮನ ಹೆಂಡತಿ ನೀರು, ಬೆಲ್ಲ ತಂದಳು. ದೊಡ್ಡವ್ವ ನೀರು ಕುಡಿದರು. ಮುಂದಿನ ಬಸ್ಸಿಗೆ ತಿರುಗಿ ಬಂದೆವು.

ಮರುದಿನದಿಂದ ಅವರು ಓಣಿಯ ಒಂದೊಂದೇ ಬಾಗಿಲು ಹತ್ತಿದರು. ಬಡಿಗೆ ಊರಿಕೊಂಡು ಹೋಗಿ, ಹೊಸ್ತಿಲ ಹೊರಗೆ ನಿಂತು ಅದೇ ಮಾತು: ಮಲ್ಲಪ್ಪನ ಎಣ್ಣಿ ಖರೇ ಇತ್ತು, ನನ್ನ ಮೂಗು ಸತ್ತಿತ್ತು. ಒಂದು ಬಾಯಲ್ಲಿ ಸುಳ್ಳು ಹೇಳಿದಾಗ ಇಡೀ ಓಣಿ ನಂಬಿತ್ತು. ಈಗ ಮನೆಮನೆಗೂ ಹೋಗಿ ನಿಜ ಹೇಳಿದರೆ ಯಾರೂ ನಂಬಲೊಲ್ಲರು. "ಮಲ್ಲಪ್ಪ ಏನೋ ಕೊಟ್ಟಿರಬೇಕು" ಎಂದರು ಕೆಲವರು. "ಮೂಗು ಎಲ್ಲರೆ ಸಾಯತೈತೇನು? ಟಿಕೋಟಾಕ್ಕ ಹೋಗಿ ಬಂದಾಳಂತ, ಏನೋ ಐತಿ" ಎಂದರು ಇನ್ನು ಕೆಲವರು. ದೊಡ್ಡವ್ವನಿಗೆ ಅದೆಲ್ಲ ಕೇಳಿಸುತ್ತಿತ್ತು. ಒಂದೂ ಬಾಗಿಲನ್ನು ಬಿಡಲಿಲ್ಲ.

ನನಗೂ ಹೇಳಿದ್ದರು: "ನೀನೂ ದವಾಖಾನ್ಯಾಗ ಡಂಗುರಾ ಸಾರಿದ್ದಿಲ್ಲೇನು? ನಿಂದು ನೀ ಹೇಳಬೇಕು." ಹೇಳುತ್ತೇನೆ ಎಂದೆ. ಮೂವರಿಗೆ ಹೇಳಿದೆ. ಮೂರನೆಯವನು "ಹಂಗಾರ ನೀ ಅವತ್ತ ಸುಳ್ಳ ಹೇಳಿದ್ದೇನು?" ಎಂದು ಮುಖಕ್ಕೆ ಹೊಡೆದಂತೆ ಕೇಳಿದ. ಅಲ್ಲಿಗೆ ನನ್ನ ಬಾಯಿ ಮುಚ್ಚಿತು. ದೊಡ್ಡವ್ವ ಕೇಳಿದಾಗ ಮಾತ್ರ "ಎಲ್ಲಾರಿಗೂ ಹೇಳೀನ್ರಿ" ಎಂದುಬಿಟ್ಟೆ.

ಯುದ್ಧ ಮುಗಿಯಿತು. ಖಾನಾವಳಿ ಗಂಗವ್ವನ ಕೈಗೆ ಬಂದು ಮತ್ತೆ ಜನ ಕೂಡಿತು. ಮಲ್ಲಪ್ಪ ವಿಜಾಪುರಕ್ಕೆ ಗಾಣ ತರಲಿಲ್ಲ, ಟಿಕೋಟಾದಲ್ಲೇ ಊರಿದನಂತೆ. ಕೈಲಾಗದ ಮೇಲೆ ದೊಡ್ಡವ್ವ ಬಬಲೇಶ್ವರದ ತಂಗಿಯ ಮನೆಗೆ ಹೋದರು. ಸ್ವಾತಂತ್ರ್ಯ ಬಂದ ಮರುವರ್ಷ ಆ ಕಡೆ ಕೆಲಸವಿದ್ದಾಗ ನೋಡಲು ಹೋದೆ. ಮನೆತುಂಬ ತಂಗಿಯ ಮೊಮ್ಮಕ್ಕಳ ಗದ್ದಲ. ದೊಡ್ಡವ್ವ ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕೂತಿದ್ದರು. ಮೈ ಅರ್ಧವಾಗಿತ್ತು. ಮುಖ ಕಲ್ಲಿನಂತೆ, ರೆಪ್ಪೆಯೂ ಆಡುತ್ತಿರಲಿಲ್ಲ. ನಾನು ಬಂದದ್ದಕ್ಕೆ ಸಂತೋಷವೋ ಬೇಸರವೋ ತಿಳಿಯಲಿಲ್ಲ. ಅದೂ ಇದೂ ಮಾತಾಡಿ ಕೊನೆಗೆ, ಇಷ್ಟು ವರ್ಷ ಎದೆಯಲ್ಲಿ ಚುಚ್ಚುತ್ತಿದ್ದುದನ್ನು ಹೇಳಿಬಿಟ್ಟೆ.

"ದೊಡ್ಡವ್ವ, ಮಲ್ಲಪ್ಪಂದು ಎಲ್ಲಾರಿಗೂ ಹೇಳೀನಿ ಅಂದಿದ್ನಲ್ರಿ, ಹೇಳಿದ್ದಿಲ್ಲ. ಮೂರು ಮಂದಿಗೆ ಹೇಳಿ ಬಿಟ್ಟೆ."

ಅದೇ ಕಲ್ಲು ಮುಖ. ಸಿಟ್ಟಾದರು ಎಂದುಕೊಂಡು ಏಳಹೋದೆ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ತಂಗಿ ತಡೆದರು: "ಕೂಡ್ರಿ. ಸಿಟ್ಟಿಲ್ಲ ಆಕೀಗಿ. ನಗಾಕತ್ತಾಳ. ಹೊಟ್ಟಿ ನೋಡ್ರಿ."

ಹೊಟ್ಟೆ ಕುಲುಕುತ್ತಿತ್ತು. ಮಾತು ಬರಲು ಸಮಯ ಹಿಡಿಯಿತು. ಬಂದದ್ದು ಪಿಸುದನಿ, ನಾನು ಬಾಗಿ ಕೇಳಿಸಿಕೊಂಡೆ.

"ಗೊತ್ತಿತ್ತೋ ತಮ್ಮಾ. ನಾ ನಿನ್ನ ಯಾವತ್ತ ನಂಬಿದ್ದೆ?"

ಆಮೇಲೆ ಒಂದೊಂದೇ ಮಾತಾಗಿ ಹೇಳಿದರು. ನಾನು ಹೇಳುವುದಿಲ್ಲ ಎಂದು ಅವರಿಗೆ ಎಂಟು ದಿನದಲ್ಲೇ ಗೊತ್ತಾಗಿತ್ತಂತೆ. ಅದಕ್ಕೇ ಆ ವರ್ಷ ಪ್ರತಿ ಸೋಮವಾರ ದವಾಖಾನೆಗೆ ಬಂದು, ರೋಗಿಗಳ ಸಾಲಿನಲ್ಲಿ ಕೂತು, ಪಕ್ಕದವರಿಗೆ ಒಬ್ಬೊಬ್ಬರಿಗೇ ಹೇಳಿ ಮುಗಿಸಿದರಂತೆ. ಅವರು ಬರುತ್ತಿದ್ದುದು ನನಗೆ ನೆನಪಿತ್ತು. ಔಷಧ ಬೇಡವೆಂದರೂ ಈ ಮುದುಕಿ ಯಾಕೆ ಬಂದು ಕೂಡುತ್ತಾಳೆ, ಸಾವಿನ ಹೆದರಿಕೆ ಹತ್ತಿರಬೇಕು ಎಂದುಕೊಂಡಿದ್ದೆ. ನಾನು ಒಳಗೆ ಔಷಧ ಅಳೆದು ಕೊಡುತ್ತಿದ್ದಾಗ, ಹೊರಗಿನ ಬೆಂಚಿನ ಮೇಲೆ ನನ್ನ ಪಾಲಿನದನ್ನೂ ಅವರು ಹೇಳುತ್ತಿದ್ದರು.

ತಂಗಿ ತಾಟು ತಂದಿಟ್ಟರು: ರೊಟ್ಟಿ, ಪುಂಡಿಪಲ್ಲೆ. ನಾನು ಒಂದು ತುತ್ತು ಮುರಿದು ಬಾಯಿಗಿಟ್ಟೆ. ದೊಡ್ಡವ್ವ ನನ್ನ ಬಾಯನ್ನೇ ನೋಡುತ್ತಿದ್ದರು.

"ಹೆಂಗಾಗೇತಿ? ಖರೇ ಹೇಳು."

ಮನೆಯವರು ಎದುರಿಗಿದ್ದರು. ಚಲೋ ಆಗಿದೆ ಎನ್ನುವುದೇ ರೀತಿ. "ಉಪ್ಪು ಕಮ್ಮಿ ಆಗೇತ್ರಿ" ಎಂದೆ.

ದೊಡ್ಡವ್ವ ನಿಧಾನಕ್ಕೆ ಕುತ್ತಿಗೆ ಹೊರಳಿಸಿ ತಂಗಿಯ ಕಡೆ ನೋಡಿದರು.

"ಉಪ್ಪು ಕಮ್ಮಿ ಐತಂತ. ಉಪ್ಪು ತಂದು ಹಾಕು" ಎಂದರು. ಇನ್ನೊಬ್ಬರನ್ನು ಕೇಳಲಿಲ್ಲ.